ದೊಡ್ಡತಾಯಮ್ಮನ ಕಾಮಾಲೆ

ನಮ್ಮ ಕಡೆಯ ಕೋರ್ಟುಗಳಲ್ಲಿ ಕಕ್ಷಿದಾರರಿಗೆ ಬರುವಷ್ಟು ಕಾಮಾಲೆ ರೋಗ ಇಡೀ ಮಂಡ್ಯ ಜಿಲ್ಲೆಯ ಆಸ್ಪತ್ರೆಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ವಕೀಲ ತಾರೀಖು ಮರೆತರೆ ಕಕ್ಷಿದಾರನಿಗೆ ಕಾಮಾಲೆ. ವಕೀಲನ ಬಸ್ಸು ತಪ್ಪಿದರೆ ಕಕ್ಷಿದಾರನಿಗೆ ಕಾಮಾಲೆ. ಗೈರುಹಾಜರಿಯಿಂದ ವಜಾ ಆದ ಕೇಸನ್ನು ಮತ್ತೆ ನಡೆಸಿ ಎಂದು ಕೇಳಬೇಕಾದರೆ ಯಾಕೆ ಬರಲಿಲ್ಲ ಅಂತ ಕಾರಣ ಕೊಟ್ಟು ಪ್ರಮಾಣಪತ್ರ ಹಾಕಬೇಕು. ಅದರಲ್ಲಿ ‘ತಪ್ಪು ನನ್ನದು’ ಎಂದು ಬರೆದುಕೊಂಡ ವಕೀಲನನ್ನು ನಾನಂತೂ ಕಂಡಿಲ್ಲ. ಕಾಮಾಲೆಯೇ ಯಾಕೆ ಅಂದರೆ, ನಾಟಿ ಔಷಧಿ ಕುಡಿದೆ ಅಂದುಬಿಟ್ಟರೆ ಮುಗಿಯಿತು, ಡಾಕ್ಟರ ಚೀಟಿ ಯಾರೂ ಕೇಳುವುದಿಲ್ಲ.

ನಾನೂ ಹದಿನೈದು ವರ್ಷದ ವಕೀಲಿಕೆಯಲ್ಲಿ ಇಪ್ಪತ್ತು ಜನಕ್ಕಾದರೂ ಕಾಮಾಲೆ ತರಿಸಿದ್ದೇನೆ. ಅದರಲ್ಲಿ ಹತ್ತೊಂಬತ್ತು ಮರೆತುಹೋಗಿವೆ.

ತೊಂಬತ್ತೇಳನೇ ಇಸವಿಯ ಆಗಸ್ಟ್ ಕೊನೆಯಲ್ಲಿ ಪಾಂಡವಪುರದ ನನ್ನ ಆಫೀಸಿಗೆ ಚೌಡಯ್ಯನವರು ಬಂದರು. ನಾನು ಕಸುಬು ಕಲಿತದ್ದು ಅವರ ಕೈಕೆಳಗೆ. ಕೆ.ಆರ್. ಪೇಟೆ ವಕೀಲರ ಸಂಘಕ್ಕೆ ಆಗ ಅವರೇ ಅಧ್ಯಕ್ಷರು. ಬಂದವರು ಕೂರುವುದಕ್ಕೂ ಮುಂಚೆ ಶುರು ಮಾಡಿದರು.

“ಲೋ ರಘು, ಮುಂದಿನ ಬುಧವಾರ ನಮ್ ಸಂಘದಲ್ಲಿ ನೀನು ಭಾಷಣ ಮಾಡ್ಬೇಕು ಕಣ್ಲಾ. ಒಸ ಲಾಯರುಗಳು ಎಂಟು ಜನ ಸೇರವ್ರೆ. ನಾಗಮಂಗಲದಲ್ಲಿ ಆ ಲಾಯರಯ್ಯ ಕೋರ್ಟಲ್ಲೇ ಎದೆ ಇಡ್ಕಂಡು ಬಿದ್ನಲ್ಲ, ಅವತ್ತಿಂದ ಎಲ್ಲಾ ಎದ್ರಿಕಂಡವ್ರೆ. ಕಸುಬೂ ನಡೀಬೇಕು, ಜೀವಾನೂ ನೆಟ್ಟಗಿರ್ಬೇಕು, ಅದೆಂಗೆ ಅಂತ ಏಳು.”

“ನಾನೇ ಯಾಕೆ ಸಾರ್?”

“ನಾಕು ಕೋರ್ಟು ಓಡಿಸ್ಕಂಡು ಗುಂಡ್ಕಲ್ಲಂಗೆ ಇದ್ದೀಯಲ್ಲ, ಅದ್ಕೆ.”

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನಾಲ್ಕು ಕೋರ್ಟು ಅಂದದ್ದು ಇವನ್ನೇ. ಗುಂಡುಕಲ್ಲಿನ ವಿಷಯ ಮಾತ್ರ ಸುಳ್ಳು. ಹೊಟ್ಟೆಯಲ್ಲಿ ಹುಣ್ಣಾಗಿ ವರ್ಷ ಕಳೆದಿತ್ತು. ಮಾತ್ರೆ ನುಂಗದೆ ಅನ್ನ ಇಳಿಯುತ್ತಿರಲಿಲ್ಲ. ಅದನ್ನು ಹೇಳಲಿಲ್ಲ, ‘ಆಗಲಿ ಸಾರ್’ ಅಂದೆ. ಚೌಡಯ್ಯನವರಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ.

ಅವರು ಹೋದ ಮೇಲೆ ಹಾಳೆ ತೆಗೆದು ಹೊಸಬರಿಗೆ ಹೇಳಬೇಕಾದ ಬುದ್ಧಿಮಾತು ಬರೆಯಲು ಕೂತೆ. ಮೊದಲನೆಯದು ಸಲೀಸಾಗಿ ಬಂತು: ‘ಎಷ್ಟೇ ಕೆಲಸವಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.’ ಬರೆದು ಅದನ್ನೇ ನೋಡುತ್ತಾ ಕೂತುಬಿಟ್ಟೆ. ನನ್ನ ಜೀವಮಾನದಲ್ಲಿ ಒಂದೇ ಒಂದು ದಿನ ನಾನು ಹೊತ್ತಿಗೆ ಸರಿಯಾಗಿ, ನಿಧಾನವಾಗಿ, ಎರಡನೇ ಸಲ ಬಡಿಸಿಕೊಂಡು ಊಟ ಮಾಡಿದ್ದೆ. ಆ ದಿನವೇ ದೊಡ್ಡತಾಯಮ್ಮನ ಕೇಸು ಹಾಳಾದದ್ದು.

ದೊಡ್ಡತಾಯಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವಳು. ಗಂಡ ಮಂಚಯ್ಯ ಹೇಮಾವತಿ ದಂಡೆಯಲ್ಲಿ ಗದ್ದೆ ಮಾಡುತ್ತಿದ್ದ. ಅವಳ ತವರು ಅದೇ ತಾಲ್ಲೂಕಿನ ಇನ್ನೊಂದು ತುದಿ. ಅಪ್ಪ ಸ್ವಂತಕ್ಕೆ ಕೊಂಡಿದ್ದ ಎರಡೂವರೆ ಎಕರೆ ಜಮೀನಿತ್ತು, ಏನನ್ನೂ ಬರೆದಿಡದೆ ತೀರಿಕೊಂಡಿದ್ದ. ಅದರಲ್ಲಿ ಅರ್ಧ ತನಗೆ ಬರಬೇಕು ಎಂದು ತಮ್ಮ ಚಿಕ್ಕಯ್ಯನ ಮೇಲೆ ಕೆ.ಆರ್. ಪೇಟೆಯಲ್ಲಿ ದಾವೆ ಹಾಕಿದ್ದಳು. ದಾವೆ ಹಾಕಿದಳು ಅಂದ ಮಾತ್ರಕ್ಕೆ ಅಕ್ಕ ತಮ್ಮ ಹಾವು ಮುಂಗುಸಿ ಆಗಿದ್ದರು ಅಂದುಕೊಳ್ಳಬೇಡಿ. ಮೊದಲ ದಿನವೇ ಆಕೆ ನನಗೆ ಹೇಳಿದ್ದಳು: “ಬಾಯ್ಮಾತಲ್ಲಿ ಕೊಟ್ರೆ ಅವ್ನೆಂಡ್ರು ಸುಮ್ಕಿರಕ್ಕಿಲ್ಲ ಲಾಯರಪ್ಪ. ಕೋರ್ಟೇ ಏಳ್ಬುಟ್ರೆ ಅವ್ನೂ ಕೊಡ್ತಾನೆ, ಊರೋರ ಬಾಯೂ ಮುಚ್ತದೆ.”

ಪ್ರತಿ ವಾಯಿದೆಗೂ ಇಬ್ಬರೂ ಕೋರ್ಟಿನ ಮುಂದಿನ ಹೊಂಗೆ ಮರದಡಿ ಒಂದೇ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಅವನು ತವರಿನ ಮರದ ಹುಣಸೆಹಣ್ಣು ತಂದುಕೊಡುವನು, ಅವಳು ಬಟ್ಟೆಯಲ್ಲಿ ಸುತ್ತಿ ತಂದ ರೊಟ್ಟಿ ಕೊಡುವಳು. ವಾದಿ ಪ್ರತಿವಾದಿ ಒಂದೇ ಗಂಟು ಬಿಚ್ಚಿಕೊಂಡು ತಿನ್ನುವುದನ್ನು ನೋಡಿ ನಾವು ವಕೀಲರು ತಮಾಷೆ ಮಾಡುತ್ತಿದ್ದೆವು. ಗೌರಿ ಹಬ್ಬಕ್ಕೆ ಚಿಕ್ಕಯ್ಯ ತಾನೇ ಬಸ್ಸಿನಲ್ಲಿ ಮೊರದ ಬಾಗಿನ ಹೊತ್ತುಕೊಂಡು ಅಕ್ಕಿಹೆಬ್ಬಾಳಿಗೆ ಹೋಗುತ್ತಿದ್ದ. ಕೇಸು ನಡೆಯುತ್ತಿದ್ದಾಗಲೂ ಒಂದು ವರ್ಷ ತಪ್ಪಿಸಿರಲಿಲ್ಲ.

ನನ್ನದೊಂದು ಜಾಣತನವಿತ್ತು, ಅದನ್ನೂ ಹೇಳಬೇಕು. ಹಿಂದೊಮ್ಮೆ ಶ್ರೀರಂಗಪಟ್ಟಣದಲ್ಲಿ ನಾನು ತಲುಪುವ ಮೊದಲೇ ನನ್ನ ಕಕ್ಷಿದಾರನೊಬ್ಬ ಕೂಗಿದರೆಂದು ಒಳಗೆ ಹೋಗಿ, ಜಡ್ಜು ಕೇಳಿದ್ದಕ್ಕೆಲ್ಲ ಹೂಂ ಹೂಂ ಅಂದು, ಕೇಸಿಗೆ ಮಣ್ಣು ಹಾಕಿ ಬಂದಿದ್ದ. ಅಂದಿನಿಂದ ಎಲ್ಲರಿಗೂ ಒಂದೇ ಕಟ್ಟಪ್ಪಣೆ: ‘ಯಾರೇ ಕೂಗಲಿ, ನಾನು ಬಂದು ಕರೆಯುವವರೆಗೆ ಒಳಗೆ ಕಾಲಿಡಬೇಡಿ.’ ನಾಲ್ಕು ಕೋರ್ಟು ನಿಭಾಯಿಸುವವನಿಗೆ ಇದು ಬಹಳ ಅನುಕೂಲ. ಜೂನಿಯರುಗಳಿಗೂ ಇದನ್ನೇ ಹೇಳಿಕೊಟ್ಟು ಬೀಗುತ್ತಿದ್ದೆ.

ತೊಂಬತ್ತಮೂರರ ನವೆಂಬರಿನಲ್ಲಿ ದೊಡ್ಡತಾಯಮ್ಮನ ಸಾಕ್ಷಿಗೆ ದಿನ ಗೊತ್ತಾಗಿತ್ತು. ಅವತ್ತೇ ಬೆಳಿಗ್ಗೆ ನಾಗಮಂಗಲದಲ್ಲಿ ಒಬ್ಬ ಅಕ್ಕಿ ಗಿರಣಿಯವನಿಗೆ ತಡೆಯಾಜ್ಞೆ ಕೊಡಿಸಬೇಕಿತ್ತು. ಹನ್ನೊಂದಕ್ಕೆಲ್ಲ ಅದು ಸಿಕ್ಕಿಬಿಟ್ಟಿತು. ಆಗಲೇ ಬಸ್ಸು ಹತ್ತಿದ್ದರೆ ಆಗುತ್ತಿತ್ತು. ಗಿರಣಿಯವನು ಕೈ ಹಿಡಿದುಕೊಂಡ. ಮನೆಯಲ್ಲಿ ನಾಟಿ ಕೋಳಿ ಸಾರು ಮಾಡಿಸಿದ್ದ. ಸಾಕ್ಷಿ ಕೇಸುಗಳನ್ನು ಹೇಗೂ ಮಧ್ಯಾಹ್ನದ ಮೇಲೆ ಕೂಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕತ್ತಿನ ಬಿಳಿ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ಎರಡು ಮುದ್ದೆ ನುಂಗಿ, ಎಲೆ ಅಡಿಕೆ ಹಾಕಿಕೊಂಡು ಹೊರಟೆ. ಕೆ.ಆರ್. ಪೇಟೆ ತಲುಪಿದಾಗ ಮೂರು ಗಂಟೆ.

ದೊಡ್ಡತಾಯಮ್ಮ ಮರದಡಿಯೇ ಇದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತಳು.

“ಬೆಳಿಗ್ಗೇನೇ ಮೂರ್ ಸಲ ಕೂಗುದ್ರು ಲಾಯರಪ್ಪ. ನಮ್ ಚಿಕ್ಕಯ್ಯ ‘ಅಕ್ಕಾ, ನಿನ್ ಎಸ್ರು ಕಣಕ್ಕ, ಓಗಕ್ಕ’ ಅಂತ ರಟ್ಟೆ ಇಡ್ದು ಎಬ್ಬಿಸ್ದ. ನಮ್ ಲಾಯರಪ್ಪ ಬರಗಂಟ ನಾನ್ ಒಳಿಕ್ ಕಾಲಿಕ್ಕಕ್ಕಿಲ್ಲ ಅಂದ್ಬುಟ್ಟು ಕುಂತೇ ಇದ್ನಿ.”

ಪರೀಕ್ಷೆಯಲ್ಲಿ ಪಾಸಾದವಳ ಮುಖ ಅವಳದು. ಮೂರು ಸಲ ಕೂಗಿದರೂ ಬರದಿದ್ದರೆ ಕೇಸು ವಜಾ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲೇ ನಿಂತು ಹೇಳುವ ಧೈರ್ಯ ನನಗೂ ಬರಲಿಲ್ಲ. ‘ಮುಂದಿನ ವಾರ ಆಫೀಸಿಗೆ ಬನ್ನಿ’ ಅಂದು ಬಸ್ಸು ಹತ್ತಿಸಿದೆ.

ಆಗ ಅಲ್ಲಿದ್ದ ಜಡ್ಜು ಬಿಗಿ ಮನುಷ್ಯ. ಹದಿನೈದು ದಿನದ ಹಿಂದಷ್ಟೇ ತುಂಬಿದ ಕೋರ್ಟಿನಲ್ಲಿ, “ರಘುನಂದನ್ ಅವರೇ, ನಿಮಗೆ ನಾಲ್ಕು ಕೋರ್ಟು ಇರಬಹುದು, ನಿಮ್ಮ ಕಕ್ಷಿದಾರರಿಗೆ ಇರೋದು ಒಂದೇ. ಇನ್ನೊಂದು ಸಲ ಹೀಗಾದರೆ ವಕೀಲರ ಪರಿಷತ್ತಿಗೆ ಬರೆಯುತ್ತೇನೆ” ಅಂದಿದ್ದರು. ಸರ್ಕಾರಿ ವಕೀಲರ ಹುದ್ದೆಗೆ ಚೌಡಯ್ಯನವರು ನನ್ನ ಹೆಸರು ಕಳಿಸಿದ್ದೂ ಅದೇ ತಿಂಗಳು. ಕಕ್ಷಿದಾರಳು ಕೋರ್ಟಿನ ಮುಂದೆಯೇ ಇದ್ದಳು, ನಾನೇ ಒಳಗೆ ಹೋಗಬೇಡ ಅಂದಿದ್ದೆ, ನಾನು ನಾಗಮಂಗಲದಲ್ಲಿ ಕೋಳಿ ಸಾರು ಉಣ್ಣುತ್ತಿದ್ದೆ ಎಂದು ಬರೆದುಕೊಡುವುದು ಹೇಗೆ? ಚೌಡಯ್ಯನವರ ಮನೆಗೆ ಓಡಿದೆ.

“ಕಾಮಾಲೆ ಬರ್ಸು,” ಅಂದರು ಅವರು, ಪೇಪರಿನಿಂದ ತಲೆ ಎತ್ತದೆ.

“ಸಾರ್, ಆಕೆ ಅಲ್ಲೇ ಕೂತಿದ್ದಳು. ತಮ್ಮನೇ ಪಕ್ಕದಲ್ಲಿದ್ದ.”

“ಇರ್ಲಿ ಬುಡ್ಲಾ. ನಿಜ ಬರ್ಕಂಡು ನಿನ್ ಕಸುಬಿಗೆ ನೀನೇ ಚಟ್ಟ ಕಟ್ಕತೀಯಾ? ಅರ್ಜಿ ಪಾಸಾದ್ರೆ ಆಯಮ್ಮಂಗೂ ಒಳ್ಳೇದು, ನಿಂಗೂ ಒಳ್ಳೇದು. ಯಾರ್ಗೆ ನಷ್ಟ ಏಳು?”

ಅವರ ಮೇಲೆ ತಪ್ಪು ಹೊರಿಸಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಅವರು ಇದನ್ನೇ ಹೇಳುತ್ತಾರೆಂದು ಗೊತ್ತಿದ್ದೇ ಅವರ ಮನೆಗೆ ಹೋಗಿದ್ದೆ. ಬೇರೆ ಯಾರನ್ನಾದರೂ ಕೇಳಿದ್ದರೆ ಬೇರೆ ಮಾತು ಹೇಳಿಬಿಡಬಹುದಿತ್ತು.

ಮುಂದಿನ ವಾರ ದೊಡ್ಡತಾಯಮ್ಮ ಆಫೀಸಿಗೆ ಬಂದಳು. ನಡೆದದ್ದನ್ನು ಹೇಳಿದೆ. ಪ್ರಮಾಣಪತ್ರ ಓದಿದೆ.

“ನಂಗೆ ಕಾಮಾಲೆ ಬಂದೇ ಇಲ್ವಲ್ಲ.”

“ಬಂದಿತ್ತು, ಮನೆಯಲ್ಲೇ ಮಲಗಿದ್ದೆ ಅನ್ನಬೇಕು ದೊಡ್ಡತಾಯಮ್ಮ.”

“ಚಿಕ್ಕಯ್ಯ ಪಕ್ಕದಾಗೇ ಕುಂತಿದ್ನಲ್ಲ ಲಾಯರಪ್ಪ. ಅವತ್ತೂ ರೊಟ್ಟಿ ಕೊಟ್ಟಿದ್ನಿ.”

“ಬೇರೆ ದಾರಿ ಇಲ್ಲ.”

“ನಿಜ ಏಳ್ಬುಟ್ರೆ ನಿಮಗೇನಾಯ್ತದೆ?”

“ನನ್ನ ಕೆಲಸಕ್ಕೇ ಕುತ್ತು ಬರಬಹುದು.”

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೆಬ್ಬೆರಳನ್ನು ಸೆರಗಿನಿಂದ ಒರೆಸಿಕೊಂಡು, “ಎಲ್ಲಿ ಒತ್ಬೇಕು ತೋರ್ಸಿ,” ಅಂದಳು.

ಅರ್ಜಿಯ ವಿಚಾರಣೆಯ ದಿನ ಕಟಕಟೆಯಲ್ಲಿ ದೇವರ ಮೇಲೆ ಪ್ರಮಾಣ ಮಾಡಿ ಕಾಮಾಲೆಯ ಕತೆ ಹೇಳಿದಳು. ಎದುರು ವಕೀಲರು ಪಾಟೀಸವಾಲಿಗೆ ಎದ್ದರು. ಕೋರ್ಟಿನ ತುಂಬ ಜನ. ಚಿಕ್ಕಯ್ಯ ಬಾಗಿಲ ಹತ್ತಿರ ಟವಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

“ಆವತ್ತು ನೀವು ಹೊಂಗೆ ಮರದ ಕೆಳಗೆ ನಿಮ್ಮ ತಮ್ಮನ ಜೊತೆ ಕೂತಿದ್ದಿರಿ ಅಂತ ನಾನು ಹೇಳುತ್ತೇನೆ.”

“ಇಲ್ಲ.”

“ನಿಮ್ಮ ತಮ್ಮ ನಿಮ್ಮ ರಟ್ಟೆ ಹಿಡಿದು ಎಬ್ಬಿಸಿದ್ದು ಸುಳ್ಳಾ?”

ದೊಡ್ಡತಾಯಮ್ಮ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ನಾನು ಫೈಲಿನೊಳಗೆ ತಲೆ ಹಾಕಿದ್ದೆ.

“ಅವ್ನು ಇನ್ಯಾರ್ನೋ ನೋಡಿರ್ಬೇಕು ಸ್ವಾಮಿ. ನಾನಿರ್ನಿಲ್ಲ.”

ಚಿಕ್ಕಯ್ಯ ಕಟಕಟೆ ಹತ್ತಿ ನಿಜ ಹೇಳಿದ್ದರೆ ನಮ್ಮ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಅವನ ವಕೀಲರು ಎಷ್ಟು ಹೇಳಿದರೂ ಅವನು ಹತ್ತಲಿಲ್ಲ. ‘ಅಕ್ಕ ಸುಳ್ಳಿ ಅಂತ ನನ್ ಬಾಯಲ್ಲಿ ಬರಾಕಿಲ್ಲ’ ಅಂದನಂತೆ. ಅರ್ಜಿ ಪಾಸಾಯಿತು. ಕೇಸು ಮತ್ತೆ ಜೀವ ಪಡೆಯಿತು. ತೊಂಬತ್ತಾರರಲ್ಲಿ ಅರ್ಧ ಪಾಲು ಅವಳದು ಎಂದು ತೀರ್ಪೂ ಆಯಿತು. ಅಷ್ಟರಲ್ಲಿ ನನಗೆ ಸರ್ಕಾರಿ ವಕೀಲನ ಹುದ್ದೆ ಸಿಕ್ಕಿತ್ತು.

ತೀರ್ಪಿನ ನಕಲು ತೆಗೆದುಕೊಳ್ಳಲು ಅವಳು ಬಂದಾಗ ಗೆದ್ದ ಹುಮ್ಮಸ್ಸಿನಲ್ಲಿ ನಾನು, “ಏನು ದೊಡ್ಡತಾಯಮ್ಮ, ಇನ್ನು ತವರಲ್ಲೂ ನೀವೇ ಜಮೀನ್ದಾರ್ತಿ,” ಅಂದೆ.

“ಜಮೀನು ಬಂತು ಬುಡಿ. ಬಾಗಿನ ನಿಂತೋಯ್ತು.”

ನನಗೆ ಅರ್ಥವಾಗಲಿಲ್ಲ.

“ಚಿಕ್ಕಯ್ಯ ಬಾಗಿನ ತಂದು ಎಲ್ಡು ಗೌರಿ ಆಯ್ತು ಲಾಯರಪ್ಪ. ‘ಪಾಲು ಕೇಳುದ್ಕೆ ನಂಗೇನೂ ಬ್ಯಾಸರ ಇಲ್ಲ. ನನ್ ಕೈಗೆ ರೊಟ್ಟಿ ಕೊಟ್ಟೋಳು, ನಾನಲ್ಲಿರ್ನಿಲ್ಲ ಅಂತ ದೇವ್ರ ಮ್ಯಾಲೆ ಆಣೆ ಮಾಡುದ್ಲಲ್ಲ, ಜಮೀನಿನ್ ಆಸೆಗೆ’ ಅಂದ್ನಂತೆ ಊರಲ್ಲಿ.”

“ನಿಜ ಏನು ಅಂತ ಅವನಿಗೆ ಹೇಳಬೇಕಿತ್ತು.”

“ಏಳುದ್ರೆ ನಿಮ್ಮೆಸ್ರು ಬತ್ತದಲ್ಲ,” ಅಂದು ನಕಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಹೊಟ್ಟೆನೋವು ಶುರುವಾದದ್ದು ಆಮೇಲೆ. ಡಾಕ್ಟರು ಖಾರ ಬಿಡು ಅಂದರು, ಬಿಟ್ಟೆ. ಗಂಜಾಂನ ನಿಮಿಷಾಂಬ ಗುಡಿಗೆ ಹರಕೆ ಹೊತ್ತು ಹೋಗಿ ಬಂದೆ. ನಿಮಿಷದಲ್ಲಿ ಕಷ್ಟ ಕಳೆಯುವ ತಾಯಿ ಅನ್ನುತ್ತಾರೆ. ನನ್ನದು ಕಷ್ಟವಲ್ಲ, ಮಾಡಿದ ತಪ್ಪು. ಅದು ಕೈಮುಗಿದರೆ ಕಳೆಯುವಂಥದ್ದಲ್ಲ ಎಂದು ನದಿಯ ಮೆಟ್ಟಿಲಿಳಿಯುವಾಗಲೇ ನನಗೆ ಗೊತ್ತಿತ್ತು. ಬೇರೊಂದು ಕೆಲಸಕ್ಕೆ ಆಫೀಸಿಗೆ ಬಂದಿದ್ದ ದೊಡ್ಡತಾಯಮ್ಮ ನಾನು ಮಾತ್ರೆ ನುಂಗುವುದನ್ನು ನೋಡಿ, ಮುಂದಿನ ಸಲ ಯಾವುದೋ ಬೇರಿನ ಪುಡಿ ತಂದುಕೊಟ್ಟಳು. ನಾನು ಅದನ್ನು ಬೀರುವಿನಲ್ಲಿಟ್ಟೆ. ಅವಳು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ.

ಭಾಷಣದ ಹಾಳೆಯಲ್ಲಿ ಒಂದೇ ಸಾಲು ಉಳಿದು ಭಾನುವಾರ ಬಂತು. ಎದ್ದು ಬಸ್ಸು ಹತ್ತಿ ಚಿಕ್ಕಯ್ಯನ ಊರಿಗೆ ಹೋದೆ. ಡೇರಿಗೆ ಹಾಲು ಹಾಕಿ ಬಂದು ಎಮ್ಮೆ ತೊಳೆಯುತ್ತಿದ್ದ. ನನ್ನನ್ನು ಕೂರು ಅನ್ನಲಿಲ್ಲ. ನಿಂತುಕೊಂಡೇ ಹೇಳಿದೆ. ಕಾಮಾಲೆ ಬರೆದವನು ನಾನು, ಒಳಗೆ ಹೋಗಬೇಡ ಅಂದವನು ನಾನು, ಅವಳು ಆಸೆಗೆ ಹೇಳಿದ ಸುಳ್ಳಲ್ಲ, ನನ್ನ ಕೆಲಸ ಉಳಿಯಲಿ ಅಂತ ಹೇಳಿದ್ದು. ಅವನು ಎಮ್ಮೆ ಉಜ್ಜುತ್ತಿದ್ದ ಹುಲ್ಲಿನ ಉಂಡೆ ಕೆಳಗೆ ಹಾಕಿದ.

“ಅವ್ಳು ಸುಳ್ಳೇಳ್ದಾಗ ಕೋರ್ಟೆಲ್ಲ ಕೇಳುಸ್ಕಂತು. ನೀವ್ ನಿಜ ಏಳೋವಾಗ ನಾನೂ ನನ್ನೆಮ್ಮೆ ಇಬ್ರೇ. ಇದ್ನ ಅಲ್ಲೇಳ್ಬೇಕಿತ್ತು ವಕೀಲ್ರೇ.”

ಸರಿ, ಬುಧವಾರ ಆ ಕೋರ್ಟಿನ ವಕೀಲರೆಲ್ಲರ ಮುಂದೆ ಅಲ್ಲೇ ಹೇಳುತ್ತೇನೆ ಎಂದು ತೀರ್ಮಾನಿಸಿದೆ. ಹಾಗೆ ತೀರ್ಮಾನಿಸಿದಾಗ ನನ್ನ ಮೇಲೆ ನನಗೇ ಸ್ವಲ್ಪ ಗೌರವ ಬಂದಂತಾಯಿತು. ಆಗಲೇ ಎಚ್ಚರವಾಗಬೇಕಿತ್ತು.

ಬುಧವಾರ ಸಂಘದ ಕೊಠಡಿ ತುಂಬಿತ್ತು. ಚೌಡಯ್ಯನವರು ನನ್ನನ್ನು ಹೊಗಳಿ ಕೂತರು. ಹಾಳೆಯನ್ನು ಮಡಿಸಿ ಜೇಬಿಗಿಟ್ಟು ನಾನು ಈ ಕತೆಯನ್ನು ಹೇಳಿದೆ. ಹೆಸರು ಹೇಳಲಿಲ್ಲ, ಆದರೆ ಆ ಊರಿನಲ್ಲಿ ಹೊಂಗೆ ಮರದಡಿ ರೊಟ್ಟಿ ಹಂಚಿಕೊಂಡ ಅಕ್ಕತಮ್ಮ ಯಾರೆಂದು ಯಾರಿಗೆ ಗೊತ್ತಿಲ್ಲ? ಕಾಮಾಲೆ ಅಂದಾಗ ಹಿಂದಿನ ಸಾಲಿನವರು ನಕ್ಕರು. ಆಮೇಲೆ ನಗು ನಿಂತಿತು. “ಕಸುಬಿನಲ್ಲಿ ಆರೋಗ್ಯವಾಗಿರಬೇಕಾದರೆ ನಿಮ್ಮ ತಪ್ಪನ್ನು ಕಕ್ಷಿದಾರರ ಬಾಯಿಂದ ಹೇಳಿಸಬೇಡಿ. ನನಗೆ ಗೊತ್ತಿರುವ ಬುದ್ಧಿಮಾತು ಇದೊಂದೇ,” ಎಂದು ಮುಗಿಸಿದೆ. ಚೌಡಯ್ಯನವರು ಕನ್ನಡಕ ತೆಗೆದು ಒರೆಸುತ್ತಾ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

ಹೊಸದಾಗಿ ಸೇರಿದ್ದ ಶ್ವೇತ ಎಂಬ ಹುಡುಗಿ ಕೈ ಎತ್ತಿದಳು.

“ಸರ್, ಇವತ್ತು ಇದನ್ನ ಇಲ್ಲಿ ಹೇಳ್ತೀನಿ ಅಂತ ಆಯಮ್ಮನನ್ನ ಕೇಳಿದ್ರಾ?”

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಏನೋ ಹಾರಿಕೆಯ ಉತ್ತರ ಕೊಟ್ಟು ಕೆಳಗಿಳಿದೆ. ಆ ದಿನ ಮನೆಗೆ ಹೋಗಿ ಮಾತ್ರೆಯಿಲ್ಲದೆ ಹೊಟ್ಟೆ ತುಂಬ ಉಂಡೆ. ನೋವು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ.

ಶುಕ್ರವಾರ ಗೌರಿ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಅಕ್ಕಿಹೆಬ್ಬಾಳಿಗೆ ಹೋದೆ. ಬಾಗಿನ ಬಂದಿರುತ್ತದೆ, ಅವಳ ಮುಖದಲ್ಲಿ ಅದನ್ನು ನೋಡಬೇಕು ಎಂಬ ಆಸೆ ನನಗೆ. ದೊಡ್ಡತಾಯಮ್ಮ ಹೊಸ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಜೋಡಿ ಮೊರ, ಅರಿಸಿನ ಬಳಿದದ್ದು, ದಾರ ಸುತ್ತಿದ್ದು ಹಾಗೆಯೇ ಇತ್ತು.

“ಬಂತಲ್ಲ!” ಅಂದೆ.

“ಊಂ. ಬೆಳಿಗ್ಗೆ ತಂದು ಇಲ್ಲೇ ಮಡಗ್ಬುಟ್ಟು ಓದ. ಒಳಿಕ್ ಬಾ ಅಂದ್ರೆ ಬರ್ನಿಲ್ಲ.”

“ಯಾಕೆ? ನಾನು ಎಲ್ಲ ಹೇಳಿದೆನಲ್ಲ ಅವನಿಗೆ.”

“ಏಳಿದ್ರಂತೆ. ಅದ್ನೇ ಅಂದ. ‘ಆಸೆಗೆ ಸುಳ್ಳೇಳುದ್ಲು ಅನ್ಕಂಡಿದ್ನಿ ಕಣಕ್ಕ, ಆಸೆ ಯಾರ್ಗಿಲ್ಲ, ಇವತ್ತಲ್ಲ ನಾಳೆ ಮರೀತಿದ್ನಿ. ಯಾವನೋ ಲಾಯರ್ ಮಾನ ಉಳ್ಸಕ್ಕೆ ಒಡುಟ್ಟಿದ್ ತಮ್ಮನ್ ಮುಂದೆ ಸುಳ್ಳೇಳುದ್ಯಲ್ಲ. ಅವ್ನ್ಗಿಂತ ನಾನ್ ಕಡೆಯಾಗೋದ್ನಾ?’ ಅಂದ. ತವರಿಂದ ಕೊಡ್ಬೇಕಾದ್ದು ಕೊಟ್ಟಿವ್ನಿ, ಇನ್ ಬರಕ್ಕಿಲ್ಲ ಅಂದ್ಬುಟ್ಟು ಓದ.”

ಮಂಚಯ್ಯ ಒಳಗಿನಿಂದ ಒಮ್ಮೆ ಇಣುಕಿ ಹೋದ. ನಾನು ಜಗಲಿಯ ಅಂಚಿನಲ್ಲಿ ಕೂತೆ. ತಪ್ಪಾಯಿತು ಅಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅದು ಅವಳ ಯಾವ ಕೆಲಸಕ್ಕೆ ಬರುತ್ತಿತ್ತು?

“ನಿಮ್ಮೆಸ್ರು ಉಳೀಲಿ ಅಂತ ಮೂರ್ ಗೌರಿ ಬಾಯಿ ಮುಚ್ಕಂಡಿದ್ನಿ ಲಾಯರಪ್ಪ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ?”

ಬೀದಿಯಲ್ಲಿ ಹೆಂಗಸರು ಬಾಗಿನ ಹಿಡಿದು ಓಡಾಡುತ್ತಿದ್ದರು. ಅವಳು ಮೊರದ ಮೇಲೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು. ಆಮೇಲೆ ಏನೋ ಜ್ಞಾಪಕ ಬಂದವಳಂತೆ ನನ್ನ ಕಡೆ ತಿರುಗಿದಳು.

“ಒಟ್ಟೆನೋವು ಎಂಗದೆ? ಪುಡಿ ತಗಂಡ್ರಾ?”

ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಇನ್ನೂ ಇದೆ ಎಂದು ಹೇಳಿಬಿಡೋಣ ಅನ್ನಿಸಿತು. ಹದಿನೈದು ವರ್ಷ ಸುಳ್ಳು ಬರೆದ ಕೈ ನನ್ನದು, ಇದೊಂದು ಸುಳ್ಳು ಹೇಳುವುದು ಏನು ಕಷ್ಟ? ನಾಲಿಗೆ ಏಳಲಿಲ್ಲ.

“ವಾಸಿಯಾಗಿದೆ ದೊಡ್ಡತಾಯಮ್ಮ,” ಅಂದೆ.

“ಒಳ್ಳೇದಾಯ್ತು ಬುಡಿ,” ಅಂದು ಅವಳು ಎದ್ದಳು. “ಒತ್ತಾಯ್ತು, ಉಂಡ್ಕಂಡೋಗಿ.” ಒಳಗೆ ಹೋಗಿ ಎಲೆ ಹಾಕಿದಳು. ನಾನು ಕೂತು ಉಂಡೆ.